ಬಾಟಲಿ ಒಡೆದ ರಾತ್ರಿಗೆ ಬೆಲೆ ಎಷ್ಟು?

ಮಾಮನಿಗೆ ಅರವತ್ತು ದಾಟಿದೆ. ಬ್ಯಾಂಕಿನಿಂದ ನಿವೃತ್ತರಾದವರು, ಕಾಲೇಜಿನ ದಿನಗಳಿಂದಲೂ ರಾಕ್ ಸಂಗೀತದ ರೆಕಾರ್ಡ್‌ಗಳನ್ನು ಕೂಡಿಡುತ್ತಾ ಬಂದವರು. ಅವರ ಅಕ್ಕನ ಮಗಳು ಸಿನಿಮಾಗಳಿಗೆ ಸೌಂಡ್ ಮಿಕ್ಸಿಂಗ್ ಮಾಡುವವಳು. ದಿನವಿಡೀ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೇಡದ ಸದ್ದನ್ನು ಹುಡುಕಿ ತೆಗೆಯುವುದೇ ಅವಳ ಕೆಲಸ. ಇಬ್ಬರ ನಡುವೆ ಮಾತಿಗೆ ಕಾರಣವಾದದ್ದು ಮಾಮ ಹೊಸದಾಗಿ ತರಿಸಿಕೊಂಡ ಒಂದು ಎಲ್‌ಪಿ: ಅಮೆರಿಕದ ‘ದಿ ಸ್ಟೂಜಸ್’ ಬ್ಯಾಂಡಿನ ‘ಮೆಟಾಲಿಕ್ ಕೆ.ಓ.’. ಮಾರ್ಕ್ ಝರ್ಮಾಟಿ ಎಂಬಾತ ನಡೆಸುತ್ತಿದ್ದ ಫ್ರಾನ್ಸಿನ ‘ಸ್ಕೈಡಾಗ್’ ಎಂಬ ಪುಟ್ಟ ಕಂಪನಿ 1976ರಲ್ಲಿ ಇದನ್ನು ಮೊದಲು ಹೊರತಂದಿತು. ಅರ್ಧ ಅಧಿಕೃತ, ಅರ್ಧ ಕಳ್ಳ ಮಾಲು ಅನ್ನುವಂಥ ರೆಕಾರ್ಡ್ ಅದು. ಆಮೇಲೆ ಎಷ್ಟೋ ಕಂಪನಿಗಳ ಕೈ ದಾಟಿ, ಎಷ್ಟೋ ರೂಪದಲ್ಲಿ ಮತ್ತೆ ಮತ್ತೆ ಅಚ್ಚಾಗಿದೆ.

ಸೊಸೆ: ಮಾಮ, ಇದಕ್ಕೆ ನಿಜವಾಗ್ಲೂ ದುಡ್ಡು ಕೊಟ್ರಾ? ಗಿಟಾರ್ ಒಂದೇ ಕೂಗಾಡ್ತಿದೆ, ಡ್ರಮ್ಸ್ ಅರ್ಧಕ್ಕರ್ಧ ಕೇಳಿಸ್ತಾನೇ ಇಲ್ಲ. ನಮ್ಮ ಸ್ಟುಡಿಯೋಗೆ ಯಾರಾದ್ರೂ ಇಂಥ ಟ್ರ್ಯಾಕ್ ತಂದ್ರೆ ವಾಪಸ್ ಕಳಿಸ್ತೀವಿ.

ಮಾಮ: ಗಿಟಾರ್ ಚೆನ್ನಾಗಿ ಕೇಳಬೇಕು ಅಂದ್ರೆ 1973ರ ‘ರಾ ಪವರ್’ ಇದೆ, ಸ್ಟುಡಿಯೋದಲ್ಲಿ ಮಾಡಿದ್ದು. ಇದನ್ನ ಕೇಳೋ ಕಾರಣ ಬೇರೆ. ಎರಡನೇ ಮಗ್ಗುಲು ಹಾಕ್ತೀನಿ. ಹಾಡು ಬಿಡು, ಹಾಡು ಮುಗಿದ ಮೇಲೆ ಏನಾಗತ್ತೆ ಅಂತ ಗಮನ ಇಟ್ಟು ಕೇಳು.

ಹಾಡು ಮುಗಿದ ಮೇಲೆ ಆಗುವುದು ಜಗಳ. 1974ರ ಫೆಬ್ರವರಿ 9, ಡೆಟ್ರಾಯ್ಟ್ ನಗರದ ಮಿಷಿಗನ್ ಪ್ಯಾಲೇಸ್ ಸಭಾಂಗಣ. ವೇದಿಕೆಯತ್ತ ಮೊಟ್ಟೆ, ಐಸ್ ಗಡ್ಡೆ, ನಾಣ್ಯ, ಬಾಟಲಿ ತೂರಿ ಬರುತ್ತಿವೆ. ಗಾಯಕ ಇಗ್ಗಿ ಪಾಪ್ ಹಿಂದೆ ಸರಿಯುವುದಿಲ್ಲ. ಎಸೆದವರನ್ನು ಬಯ್ಯುತ್ತಾನೆ, ಇನ್ನಷ್ಟು ಎಸೆಯುವಂತೆ ಕೆಣಕುತ್ತಾನೆ. ಕೆಲವು ದಿನಗಳ ಹಿಂದಷ್ಟೇ ಮಿಷಿಗನ್ನಿನ ಒಂದು ಸಣ್ಣ ಜಾಗದಲ್ಲಿ ಬೈಕರ್ ಗ್ಯಾಂಗಿನವನೊಬ್ಬ ಅವನನ್ನು ಹೊಡೆದಿದ್ದನೆಂದೂ, ಅವರನ್ನೆಲ್ಲ ಇಲ್ಲಿಗೆ ಬನ್ನಿ ಎಂದು ಇಗ್ಗಿ ರೇಡಿಯೋದಲ್ಲಿ ಸವಾಲು ಹಾಕಿದ್ದನೆಂದೂ ಬ್ಯಾಂಡಿನ ಕಥೆ ಹೇಳುವವರೆಲ್ಲ ಹೇಳುತ್ತಾರೆ. ಕೊನೆಗೆ ಬರುವ ಹಾಡು ‘ಲೂಯಿ ಲೂಯಿ’. ಈ ಹಾಡಿನ 1963ರ ಜನಪ್ರಿಯ ರೆಕಾರ್ಡ್‌ನಲ್ಲಿ ಅಶ್ಲೀಲ ಇದೆಯೇ ಎಂದು ಅಮೆರಿಕದ ಎಫ್‌ಬಿಐ ತನಿಖೆ ನಡೆಸಿ, ಯಾವ ವೇಗದಲ್ಲಿ ಓಡಿಸಿ ಕೇಳಿದರೂ ಪದಗಳು ಅರ್ಥವಾಗುತ್ತಿಲ್ಲ ಎಂದು ಕೈಬಿಟ್ಟಿತ್ತು. ಇಗ್ಗಿ ಅದೇ ಹಾಡಿಗೆ ಎಲ್ಲರಿಗೂ ಅರ್ಥವಾಗುವಂಥ ಹೊಲಸು ಸಾಲುಗಳನ್ನು ಕಟ್ಟಿ ಹಾಡಿದ. ಆ ರಾತ್ರಿಯ ನಂತರ ಬ್ಯಾಂಡ್ ಒಡೆಯಿತು. ಮತ್ತೆ ಒಂದಾದದ್ದು 2003ರಲ್ಲಿ.

ಗಿಟಾರ್ ತಂತಿಗೆ ಬಾಟಲಿ ಬಡಿದು ಒಡೆಯುವ ಸದ್ದು ಕೇಳುವ ರೆಕಾರ್ಡ್ ತನಗೆ ಗೊತ್ತಿರುವಂತೆ ಇದೊಂದೇ ಎಂಬ ಅರ್ಥದ ಮಾತನ್ನು ವಿಮರ್ಶಕ ಲೆಸ್ಟರ್ ಬ್ಯಾಂಗ್ಸ್ ಬರೆದ. ರೆಕಾರ್ಡ್‌ನ ಖ್ಯಾತಿ ಅರ್ಧ ನಿಂತಿರುವುದು ಆ ಮಾತಿನ ಮೇಲೆಯೇ.

ಸೊಸೆ: ಅದೇ ನನಗೆ ಕಷ್ಟ ಆಗೋದು. ಅಲ್ಲಿ ಒಬ್ಬ ಮನುಷ್ಯ ಪೆಟ್ಟು ತಿಂತಿದ್ದಾನೆ. ಬಾಟಲಿ ಅವನ ಕಣ್ಣಿಗೆ ಬಿದ್ದಿದ್ರೆ? ನೀವು ಸೋಫಾದಲ್ಲಿ ಕೂತ್ಕೊಂಡು ಕಾಫಿ ಕುಡೀತಾ ಅದನ್ನ ಆಸ್ವಾದಿಸ್ತೀರ. ಆ ಸಭಾಂಗಣದಲ್ಲಿ ಇದ್ದವನಿಗೆ ಒಂದು ಅಪಾಯ ಇತ್ತು, ಎದುರು ನಿಲ್ಲಬೇಕೋ ಓಡಬೇಕೋ ಅಂತ ತೀರ್ಮಾನ ಮಾಡ್ಬೇಕಿತ್ತು. ನಿಮಗೇನಿದೆ? ಸದ್ದು ಜಾಸ್ತಿ ಆಯ್ತು ಅಂದ್ರೆ ವಾಲ್ಯೂಮ್ ತಗ್ಗಿಸ್ತೀರ.

ಮಾಮ: ಯುದ್ಧದ ಫೋಟೋ ನೋಡೋವಾಗಲೂ ನಮ್ಮ ಮೇಲೆ ಗುಂಡು ಹಾರಲ್ಲ ಕಣಮ್ಮ. ಹಾಗಂತ ಫೋಟೋ ತೆಗೀಬಾರದು ಅಂತೀಯಾ? ಆ ಕಾಲದಲ್ಲಿ ರಾಕ್ ಅಂದ್ರೆ ದೊಡ್ಡ ಕ್ರೀಡಾಂಗಣ, ದೊಡ್ಡ ಲೈಟು, ಹೊಗಳೋ ಜನ. ಅವತ್ತು ಮಾರಾಟಕ್ಕಿದ್ದ ಲೈವ್ ಆಲ್ಬಮ್ ತಗೊಂಡು ನೋಡು, ಬರೀ ಚಪ್ಪಾಳೆ. ಜನ ಬ್ಯಾಂಡನ್ನ ದ್ವೇಷಿಸಿದ ರಾತ್ರಿಯನ್ನ ಯಾರು ಅಚ್ಚು ಹಾಕಿಸ್ತಾರೆ? ಇವರು ಹಾಕಿಸಿದ್ರು. ಅದೇ 1976ರಲ್ಲಿ ಪಂಕ್ ಅಲೆ ಏಳ್ತಾ ಇತ್ತು, ಆ ಹುಡುಗರಿಗೆ ಇದು ಪಠ್ಯಪುಸ್ತಕ ಆಯ್ತು. ಝರ್ಮಾಟಿನೇ ಆ ಆಗಸ್ಟ್‌ನಲ್ಲಿ ಫ್ರಾನ್ಸಿನ ಮೋಂ ದ ಮಾರ್ಸಾನ್ ಊರಲ್ಲಿ ಪಂಕ್ ಉತ್ಸವ ನಡೆಸಿದ್ದ.

ಸೊಸೆ: ಪಠ್ಯಪುಸ್ತಕ ಅಂದ್ರಲ್ಲ, ಅದರಲ್ಲಿ ಬರೆದಿದ್ದು ನಿಜ ಇರಬೇಕು ತಾನೇ? ನೀವೇ ಒಂದ್ಸಲ ಹೇಳಿದ್ರಿ, ಮೊದಲನೇ ಮಗ್ಗುಲು ಆ ರಾತ್ರಿದೇ ಅಲ್ಲ ಅಂತ.

ಮಾಮ ಇದನ್ನು ಒಪ್ಪಲೇಬೇಕಾಯಿತು. ಮೊದಲ ಮುದ್ರಣ ಕೊಂಡವರೆಲ್ಲ ಎರಡೂ ಮಗ್ಗುಲು ಆ ಕೊನೆಯ ರಾತ್ರಿಯದೇ ಎಂದು ಬಹುಕಾಲ ನಂಬಿದ್ದರು. ನಿಜವಾಗಿ ಮೊದಲ ಮಗ್ಗುಲಿನ ಮೂರು ಹಾಡು ಅದೇ ಸಭಾಂಗಣದಲ್ಲಿ 1973ರ ಅಕ್ಟೋಬರ್ 6ರಂದು ಹಾಡಿದಂಥವು. ನಾಲ್ಕು ತಿಂಗಳ ಅಂತರದ ಎರಡು ರಾತ್ರಿಗಳನ್ನು ಒಂದಾಗಿ ಹೊಲಿದಿದ್ದರು. 1988ರಲ್ಲಿ ‘ಮೆಟಾಲಿಕ್ 2x ಕೆ.ಓ.’ ಎಂಬ ಎರಡು ರೆಕಾರ್ಡ್‌ಗಳ ಆವೃತ್ತಿ ಬಂದು ಎರಡೂ ಕಛೇರಿಗಳನ್ನು ಬಿಡಿಸಿ ಹೆಚ್ಚು ಪೂರ್ತಿಯಾಗಿ ಕೊಟ್ಟಿತು.

ಮಾಮ: ನೋಡು, ನಿನ್ನ ಪ್ರಶ್ನೆಗೆ ಮರುಮುದ್ರಣವೇ ಉತ್ತರ ಕೊಟ್ಟಿದೆ. ಮತ್ತೆ ಅಚ್ಚು ಹಾಕದೇ ಹೋಗಿದ್ರೆ ಆ ತಪ್ಪು ಹಾಗೇ ಉಳೀತಿತ್ತು. ಸಭಾಂಗಣದ ಗತಿ ಏನಾಯ್ತು ಗೊತ್ತಾ? 1926ರಲ್ಲಿ ಕಟ್ಟಿದ ಥಿಯೇಟರ್ ಅದು, ನಾಲ್ಕು ಸಾವಿರ ಸೀಟು. ಹೆನ್ರಿ ಫೋರ್ಡ್ ತನ್ನ ಮೊದಲ ಕಾರು ಜೋಡಿಸಿದ ಶೆಡ್ಡು ಇದ್ದ ಜಾಗದಲ್ಲೇ ಕಟ್ಟಿದ್ದು. ಎಪ್ಪತ್ತರ ದಶಕ ಮುಗಿಯೋ ಮುಂಚೆ ಒಳಗಡೆ ಕಿತ್ತು ಮೂರಂತಸ್ತಿನ ಕಾರ್ ಪಾರ್ಕಿಂಗ್ ಮಾಡಿದ್ರು. ಕುಸುರಿ ಕೆಲಸದ ಛಾವಣಿ ಮೇಲೆ ಹಾಗೇ ಇದೆ, ಕೆಳಗೆ ಕಾರು ನಿಂತಿರ್ತವೆ. ಸಭಾಂಗಣ ಹೋಯ್ತು. ಬ್ಯಾಂಡಿನ ಆಶ್ಟನ್ ಅಣ್ತಮ್ಮಂದಿರಲ್ಲಿ ಬೇಸ್ ನುಡಿಸಿದ ರಾನ್ 2009ರಲ್ಲಿ ಹೋದ, ಡ್ರಮ್ಸ್ ಬಾರಿಸಿದ ಸ್ಕಾಟ್ 2014ರಲ್ಲಿ. ಆ ರಾತ್ರಿಯ ಗುರುತು ಅಂತ ಕೈಗೆ ಸಿಗೋದು ಈ ರೆಕಾರ್ಡ್.

ಸೊಸೆ: ಕೈಗೆ ಸಿಗೋದು ಒಬ್ಬ ಅಭಿಮಾನಿ ಟೇಪಿಗೆ ಇಳಿಸಿಕೊಂಡಿದ್ದರ ಪ್ರತಿಯ ಪ್ರತಿ. ನನ್ನ ಕೆಲಸದ ಕಡೆಯಿಂದ ಹೇಳ್ತೀನಿ ಕೇಳಿ. ಜನ ಮಾಡಿಕೊಂಡ ಟೇಪಿನಲ್ಲಿ ಮೇಲಿನ ಸ್ವರಗಳು ಮೊದಲೇ ಮೊಂಡಾಗಿರ್ತವೆ, ಜೊತೆಗೆ ಸುಯ್ ಅನ್ನೋ ಹಿಸ್ಸು. ಅದನ್ನ ಕಂಪ್ಯೂಟರಿಗೆ ತಗೋತಾರೆ, ಅಲ್ಲಿಂದ ಲ್ಯಾಕರ್ ಮೇಲೆ ಗೀರು ಕೊರೀತಾರೆ, ಅದರಿಂದ ಅಚ್ಚು ಮಾಡಿ ಪಿವಿಸಿ ಒತ್ತುತಾರೆ. ಇಲ್ಲದ ಸದ್ದು ಎಲ್ಲಿಂದ ಬರತ್ತೆ? ಮೇಲೆ ‘180 ಗ್ರಾಂ’ ಅಂತ ಸ್ಟಿಕ್ಕರ್. ತೂಕ ಜಾಸ್ತಿ ಆದರೆ ಗೀರಿನ ಆಳ ಜಾಸ್ತಿ ಆಗಲ್ಲ ಮಾಮ. ಮೂಲ ಧ್ವನಿಯ ಗುಣಕ್ಕೂ ಆ ತೂಕಕ್ಕೂ ಸಂಬಂಧ ಇಲ್ಲ. ಮಾರೋದಕ್ಕೆ ಮಾತ್ರ ಸಂಬಂಧ ಇದೆ.

ಈ ಕೊನೆಯ ಮಾತಿಗೆ ಅಂಕಿಅಂಶದ ಬೆಂಬಲವೂ ಇದೆ. ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ ಕೊಟ್ಟ ಲೆಕ್ಕದಂತೆ 2022ರಲ್ಲಿ ಅಲ್ಲಿ ಸುಮಾರು 4.1 ಕೋಟಿ ಎಲ್‌ಪಿಗಳು ಮಾರಾಟವಾದವು, ಸಿ.ಡಿ.ಗಳು 3.3 ಕೋಟಿ. 1987ರ ನಂತರ ಎಲ್‌ಪಿ ಸಿ.ಡಿ.ಯನ್ನು ಸಂಖ್ಯೆಯಲ್ಲಿ ಹಿಂದೆ ಹಾಕಿದ್ದು ಅದೇ ಮೊದಲು. 2008ರಿಂದ ವರ್ಷಕ್ಕೊಮ್ಮೆ ನಡೆಯುವ ‘ರೆಕಾರ್ಡ್ ಸ್ಟೋರ್ ಡೇ’ಗೆ ಕಂಪನಿಗಳು ಸೀಮಿತ ಸಂಖ್ಯೆಯ ವಿಶೇಷ ಮುದ್ರಣಗಳನ್ನು ತರುತ್ತವೆ. ಹಳೆಯ ಲೈವ್ ಟೇಪುಗಳಿಗೆ ಇಂಥ ಕಡೆ ಬೇಡಿಕೆ ಹೆಚ್ಚು. ಹೊಸದಾಗಿ ಸ್ಟುಡಿಯೋ ಖರ್ಚಿಲ್ಲ, ಅಭಿಮಾನಿಗಳು ಕಾದಿರುತ್ತಾರೆ.

ಮಾಮ: ನಿನ್ನ ಅಜ್ಜಿ ಹತ್ರ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಯದೊಂದು ಕ್ಯಾಸೆಟ್ ಇತ್ತು. ಆಲಾಪನೆ ಮಧ್ಯೆ ರಸ್ತೆಯಲ್ಲಿ ಬಸ್ಸಿನ ಹಾರ್ನು, ಪಕ್ಕದಲ್ಲಿ ಯಾರದೋ ಮಗು ಅಳು. ಅಮ್ಮನಿಗೆ ಆ ಹಾರ್ನು ಬಂದಾಗಲೇ ಖುಷಿ, ‘ಚಾಮರಾಜಪೇಟೆ ಬಂತು’ ಅನ್ನೋರು. ಅದನ್ನ ತೆಗೆದುಹಾಕಿದ್ರೆ ಅಮ್ಮ ಆ ಕ್ಯಾಸೆಟ್ ಮತ್ತೆ ಹಾಕ್ತಿರಲಿಲ್ಲ.

ಸೊಸೆ: ಸರಿ, ಅದು ಕ್ಯಾಸೆಟ್. ಅಜ್ಜಿ ಅದಕ್ಕೆ ಸಾವಿರಾರು ರೂಪಾಯಿ ಕೊಟ್ಟಿರಲಿಲ್ಲ. ಅಲ್ಲಿ ಜನ ಸಂಗೀತಗಾರರ ಮೇಲೆ ಎಗರಿ ಬಿದ್ದಿರಲೂ ಇಲ್ಲ.

ಜನ ಎಗರಿ ಬಿದ್ದ ರೆಕಾರ್ಡಿಂಗ್‌ಗಳ ಮಾತು ಬಂದರೆ ನ್ಯೂಯಾರ್ಕ್‌ನ ‘ಸೂಯಿಸೈಡ್’ ಜೋಡಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅಲನ್ ವೇಗಾ ಹಾಡುತ್ತಿದ್ದ, ಮಾರ್ಟಿನ್ ರೆವ್ ಹಳೆಯ ಆರ್ಗನ್ ಮತ್ತು ತಾಳದ ಯಂತ್ರ ನುಡಿಸುತ್ತಿದ್ದ. ಗಿಟಾರ್ ಇಲ್ಲ, ಡ್ರಮ್ಸ್ ಇಲ್ಲ, ಇಬ್ಬರೇ. ಎಪ್ಪತ್ತರ ದಶಕದ ಆರಂಭದಲ್ಲೇ ತಮ್ಮ ಕಾರ್ಯಕ್ರಮದ ಕರಪತ್ರದಲ್ಲಿ ‘ಪಂಕ್’ ಎಂಬ ಪದ ಬಳಸಿದ ಮೊದಲಿಗರಲ್ಲಿ ಇವರೂ ಇದ್ದರು. 1978ರ ಜೂನ್ 16ರಂದು ಬ್ರಸೆಲ್ಸ್‌ನ ಆಂಸಿಯೆನ್ ಬೆಲ್ಜಿಕ್ ಸಭಾಂಗಣದಲ್ಲಿ ಎಲ್ವಿಸ್ ಕಾಸ್ಟೆಲೋ ಬರುವ ಮುಂಚೆ ಹಾಡುವ ಅವಕಾಶ ಇವರಿಗೆ ಸಿಕ್ಕಿತ್ತು. ವೇಗಾಗೆ ನಲವತ್ತು ತುಂಬಲು ಒಂದು ವಾರ ಬಾಕಿ ಇತ್ತು. ಸಂಗೀತ ಲೋಕ ಅವನನ್ನು ಹತ್ತು ವರ್ಷ ಚಿಕ್ಕವನೆಂದು ತಿಳಿದಿತ್ತು. ಸಭಿಕರಲ್ಲಿ ಬಹುಪಾಲು ಅವನ ಅರ್ಧ ವಯಸ್ಸಿನವರು. ಹಾಡಿನಿಂದ ಹಾಡಿಗೆ ಗೇಲಿಯ ಕೂಗು ಏರುತ್ತಾ ಹೋಗುತ್ತದೆ. ಕಾಸ್ಟೆಲೋ ಬೇಕೆಂದು ‘ಎಲ್ವಿಸ್, ಎಲ್ವಿಸ್’ ಎಂಬ ಘೋಷಣೆ ಏಳುತ್ತದೆ. ‘ಫ್ರ್ಯಾಂಕಿ ಟಿಯರ್‌ಡ್ರಾಪ್’ ಎಂಬ, ಕಾರ್ಖಾನೆಯ ಕಾರ್ಮಿಕನೊಬ್ಬ ಬಡತನ ತಾಳಲಾರದೆ ಮನೆಯವರನ್ನೇ ಕೊಲ್ಲುವ ಕಥೆಯ ಹಾಡಿನ ನಡುವೆ ಸಭಿಕರು ಮೈಕನ್ನೇ ಕಿತ್ತುಕೊಂಡರು. ಕಾರ್ಯಕ್ರಮ ಅಲ್ಲಿಗೆ ನಿಂತಿತು. ಸಿಟ್ಟಿಗೆದ್ದ ಕಾಸ್ಟೆಲೋ ತಾನೂ ಸ್ವಲ್ಪವೇ ಹಾಡಿ ಹೊರಟ. ಗಲಾಟೆ ಎದ್ದು ಪೊಲೀಸರು ಬಂದರು. ಇದೆಲ್ಲವನ್ನು ಬ್ರಾಂಝ್ ರೆಕಾರ್ಡ್ಸ್‌ನ ಹೊವರ್ಡ್ ಥಾಂಪ್ಸನ್ ಒಂದು ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟುಕೊಂಡ.

ಆ ಕ್ಯಾಸೆಟ್ಟಿನ 23 ನಿಮಿಷ ಅದೇ ವರ್ಷ ರೆಕಾರ್ಡ್ ಆಗಿ ಬಂತು. 1998ರಲ್ಲಿ ಬ್ಯಾಂಡಿನ ಮೊದಲ ಆಲ್ಬಮ್ಮಿನ ಮರುಮುದ್ರಣದ ಜೊತೆ ಸೇರಿತು. 2008ರಲ್ಲಿ ಆ ಕಾಲದ ಕಛೇರಿಗಳದೇ ಆರು ಸಿ.ಡಿ.ಗಳ ಪೆಟ್ಟಿಗೆ ಹೊರಬಂತು.

ಸೊಸೆ: ಇದನ್ನ ನಾನೂ ಪೂರ್ತಿ ಕೇಳಿದೀನಿ. ಮನಸ್ಸಿಗೆ ತಟ್ಟಿತು, ಸುಳ್ಳು ಹೇಳಲ್ಲ. ಆದರೆ ನನಗೆ ಕಂಡಿದ್ದು ಬೇರೆ. ಅದರಲ್ಲಿ ಅರ್ಧ ಭಾಗ ಜನರದ್ದು. ಅವರು ಕೂಗಿದ್ದಕ್ಕೇ ಅದು ರೆಕಾರ್ಡ್ ಆಗಿದ್ದು, ಕೂಗದೇ ಇದ್ದಿದ್ರೆ ಯಾರಿಗೂ ನೆನಪಿರ್ತಿರಲಿಲ್ಲ. ಈಗ ಆ ಕೂಗನ್ನ ಹತ್ತಿರ ಹತ್ತಿರ ಐವತ್ತು ವರ್ಷದಿಂದ ಮಾರ್ತಿದ್ದಾರೆ. ಅವತ್ತು ಇಪ್ಪತ್ತು ವರ್ಷದ ಹುಡುಗಿ ಒಬ್ಬಳು ಸಿಟ್ಟಲ್ಲಿ ಕಿರುಚಿರ್ತಾಳೆ, ಅವಳಿಗೆ ಈಗ ಅರವತ್ತೇಳೋ ಅರವತ್ತೆಂಟೋ. ಅವಳ ಪಾಲಿಗೆ ಒಂದು ಪೈಸೆ ಇಲ್ಲ. ಹೆಸರಿಲ್ಲ. ಇತಿಹಾಸದಲ್ಲಿ ಅವಳು ‘ಸಂಗೀತ ಅರ್ಥವಾಗದ ಗುಂಪು’. ಅವಳಿಗೂ ಒಂದು ಅಭಿಪ್ರಾಯ ಇತ್ತು ತಾನೇ? ಬೇರೆ ಯಾರನ್ನೋ ಕೇಳೋಕೆ ದುಡ್ಡು ಕೊಟ್ಟು ಬಂದಿದ್ಲು.

ಮಾಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಈ ಪ್ರಶ್ನೆಯನ್ನು ರೆಕಾರ್ಡ್ ಸಂಗ್ರಾಹಕರು ಕೇಳಿಕೊಳ್ಳುವುದು ಅಪರೂಪ. ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ಎದುರಾಳಿ ಇಲ್ಲದೆ ಇಂಥ ಬ್ಯಾಂಡ್‌ಗಳಿಲ್ಲ. ಅವರು ಜನರನ್ನು ಕೆರಳಿಸಲೆಂದೇ ವೇದಿಕೆ ಹತ್ತಿದವರು. ವೇಗಾ ಬೈಕ್ ಚೈನ್ ಬೀಸುತ್ತಾ ಸಭಿಕರ ನಡುವೆ ಇಳಿಯುತ್ತಿದ್ದ. ಕೆರಳಿದವರು ಕೆರಳಿದ್ದಕ್ಕೆ ದಡ್ಡರೆನಿಸಿಕೊಂಡು, ಕೆರಳಿಸಿದವನು ಕಲಾವಿದನೆನಿಸಿಕೊಳ್ಳುವುದು ನ್ಯಾಯವೇ?

ಮಾಮ: ಪಾಲು ಕೊಡೋಕೆ ಆಗಲ್ಲ, ಅದು ನಿಜ. ಆದರೆ ಅಳಿಸಿ ಹಾಕೋದಕ್ಕಿಂತ ಉಳಿಸೋದು ಮೇಲು ಅಂತ ನನಗೆ ಅನ್ಸತ್ತೆ. ಈ ರೆಕಾರ್ಡ್ ಅವಳ ಕೂಗನ್ನ ಚಪ್ಪಾಳೆ ಅಂತ ತಿದ್ದಿಲ್ಲ. ಲೈವ್ ಅಂತ ಹೇಳ್ಕೊಂಡು ಸ್ಟುಡಿಯೋದಲ್ಲಿ ಹಾಡು ಮತ್ತೆ ಹಾಡಿ, ಚಪ್ಪಾಳೆ ಸೇರಿಸಿ ಮಾರಿದ ಆಲ್ಬಮ್ ಎಷ್ಟು ಬೇಕು ನಿನಗೆ? ಇಲ್ಲಿ ಅವಳ ವಿರೋಧ ವಿರೋಧವಾಗೇ ಉಳಿದಿದೆ. ನೀನು ಇವತ್ತು ಕೇಳಿ ಅವಳ ಪಕ್ಷ ವಹಿಸ್ತಿದೀಯಲ್ಲ, ಅದು ಆಗಿದ್ದೂ ರೆಕಾರ್ಡ್ ಇದ್ದಿದ್ದಕ್ಕೇ.

ಸೊಸೆ: ಹಾಗಾದ್ರೆ ಬೆಲೆ ವಿಷಯಕ್ಕೆ ಬನ್ನಿ. ವ್ಯವಸ್ಥೆ ವಿರುದ್ಧ ಅಂತ ಕೂಗಿದವರು ಇವತ್ತು ಬಣ್ಣದ ವಿನೈಲ್ ಅಂತ ಕಲೆಕ್ಟರ್‌ಗಳ ಜೇಬಿಗೆ ಕೈ ಹಾಕ್ತಿದ್ದಾರೆ.

ಮಾಮ: ಎಲ್ಲರೂ ಹಾಗಲ್ಲ. ಇದನ್ನ ನೋಡು.

ಅವರು ಕಪಾಟಿನಿಂದ ತೆಗೆದದ್ದು ಇಂಗ್ಲೆಂಡಿನ ‘ಕ್ರಾಸ್’ ಬ್ಯಾಂಡಿನ 1979ರ ‘ಸ್ಟೇಷನ್ಸ್ ಆಫ್ ದ ಕ್ರಾಸ್’. ಎರಡು ರೆಕಾರ್ಡ್, ನಾಲ್ಕು ಮಗ್ಗುಲು. ಮೊದಲ ಮೂರು ಮಗ್ಗುಲು ಸ್ಟುಡಿಯೋದ್ದು, ನಿಮಿಷಕ್ಕೆ 45 ಸುತ್ತಿನ ವೇಗದಲ್ಲಿ ಓಡಿಸಬೇಕು. ನಾಲ್ಕನೆಯದು ಆ ವರ್ಷದ ಆಗಸ್ಟ್ 7ರಂದು ಲಂಡನ್ನಿನ ಇಸ್ಲಿಂಗ್ಟನ್ ಬಡಾವಣೆಯ ‘ಪೈಡ್ ಬುಲ್’ ಎಂಬ ಪಬ್ಬಿನಲ್ಲಿ ನಡೆದ ಲೈವ್ ಕಾರ್ಯಕ್ರಮ; ಅದಕ್ಕೆ 33ರ ವೇಗ. ಮೂರನೆಯ ಮಗ್ಗುಲು ಮುಗಿದಾಗ ಎದ್ದು ಹೋಗಿ ಪ್ಲೇಯರಿನ ವೇಗ ಬದಲಿಸದಿದ್ದರೆ ಗಾಯಕ ಸ್ಟೀವ್ ಇಗ್ನೊರಂಟ್‌ನ ಗುಡುಗು ಕೀಚಲಾಗಿ ಕೇಳುತ್ತದೆ. ಹೆಚ್ಚು ಹಾಡು ತುಂಬಿಸಬೇಕಿದ್ದ ಕಡೆ ವೇಗ ತಗ್ಗಿಸುವುದು ರೆಕಾರ್ಡ್ ಅಚ್ಚಿನವರ ಹಳೆಯ ಉಪಾಯ.

ಕ್ರಾಸ್ ಬ್ಯಾಂಡಿನವರು ಎಸೆಕ್ಸ್‌ನ ಡಯಲ್ ಹೌಸ್ ಎಂಬ ತೋಟದ ಮನೆಯಲ್ಲಿ ಒಟ್ಟಾಗಿ ಬದುಕಿದವರು. ತಮ್ಮ ರೆಕಾರ್ಡ್‌ಗಳ ಕವರಿನ ಮೇಲೆಯೇ ‘ಇದಕ್ಕಿಂತ ಹೆಚ್ಚು ಕೊಡಬೇಡಿ’ ಎಂದು ಬೆಲೆ ಅಚ್ಚು ಹಾಕಿಸುತ್ತಿದ್ದರು. ‘ರಿಯಾಲಿಟಿ ಅಸೈಲಮ್’ ಎಂಬ ಪುಟ್ಟ ರೆಕಾರ್ಡಿಗೆ 45 ಪೆನ್ಸ್ ಎಂದು ಹಾಕಿದಾಗ ತೆರಿಗೆಯ ಲೆಕ್ಕ ಬಿಟ್ಟುಹೋಗಿ, ಮಾರಿದ ಪ್ರತಿಯೊಂದು ಪ್ರತಿಗೂ ಕೈಯಿಂದ ದುಡ್ಡು ಕಳೆದುಕೊಂಡರು. 1984ರಲ್ಲಿ ಅವರು ಕೊನೆಯ ಬಾರಿ ವೇದಿಕೆ ಹತ್ತಿದ್ದು ವೇಲ್ಸ್‌ನ ಅಬರ್‌ಡೇರ್‌ನಲ್ಲಿ, ಮುಷ್ಕರದಲ್ಲಿದ್ದ ಗಣಿ ಕಾರ್ಮಿಕರ ನೆರವಿಗೆ.

ಸೊಸೆ: ಇದೇ ಬ್ಯಾಂಡ್ ಅಲ್ವಾ, ಮೊದಲ ರೆಕಾರ್ಡಲ್ಲಿ ಒಂದು ಹಾಡಿನ ಜಾಗದಲ್ಲಿ ಬರೀ ಮೌನ ಇಟ್ಟಿದ್ದು?

ಮಾಮ: ಹೌದು, 1978ರ ‘ದ ಫೀಡಿಂಗ್ ಆಫ್ ದ 5000’. ಐರ್ಲೆಂಡಿನಲ್ಲಿ ರೆಕಾರ್ಡ್ ಒತ್ತೋ ಕಾರ್ಖಾನೆಯ ಕೆಲಸಗಾರರು ಮೊದಲ ಹಾಡು ದೈವನಿಂದೆ ಅಂತ ಒತ್ತೋಕೆ ಒಪ್ಪಲಿಲ್ಲ. ಇವರು ಆ ಜಾಗ ಖಾಲಿ ಬಿಟ್ಟು, ಮೌನಕ್ಕೇ ‘ವಾಕ್ ಸ್ವಾತಂತ್ರ್ಯದ ಸದ್ದು’ ಅನ್ನೋ ಅರ್ಥದ ಹೆಸರಿಟ್ರು. ಆಮೇಲಿನ ಮುದ್ರಣದಲ್ಲಿ ಹಾಡು ವಾಪಸ್ ಬಂತು.

ಸೊಸೆ: ಹಾಗಾದ್ರೆ ಯಾವುದು ನಿಜವಾದ ರೆಕಾರ್ಡ್? ಹಾಡು ಹಾಕಿದ್ರೆ ಬ್ಯಾಂಡ್ ಅಂದುಕೊಂಡಿದ್ದು ಸಿಗತ್ತೆ. ಆದರೆ ಕೆಲಸಗಾರರು ‘ನಮ್ಮ ಕೈಯಿಂದ ಇದು ಆಗಲ್ಲ’ ಅಂದಿದ್ದು ಅಳಿಸಿಹೋಗತ್ತೆ. ಮರುಮುದ್ರಣ ಮಾಡೋರು ಕಾಪಾಡ್ತೀವಿ ಅಂತ ಹೇಳ್ತಾನೇ ಆಯ್ಕೆ ಮಾಡ್ತಿರ್ತಾರೆ. ಹಿಸ್ಸು ತೆಗೆಯೋದೂ ಆಯ್ಕೆನೇ. ನಾನು ದಿನಾ ಅದನ್ನೇ ಮಾಡೋಳು, ಅದಕ್ಕೇ ಗೊತ್ತು. ಹಿಸ್ಸು ತೆಗೆಯೋ ಸಾಫ್ಟ್‌ವೇರ್ ಜೋರಾಗಿ ಎಳೆದ್ರೆ ಹಿಂದಿನ ಸಾಲಲ್ಲಿ ಮಾತಾಡೋನ ದನಿಯೂ ಅದರ ಜೊತೆ ಹೋಗತ್ತೆ. ಸಭಾಂಗಣ ಎಷ್ಟು ದೊಡ್ಡದು ಅಂತ ಕಿವಿಗೆ ಗೊತ್ತಾಗೋದೇ ನಿಂತುಹೋಗತ್ತೆ.

ಇಲ್ಲಿ ಇಬ್ಬರೂ ಹತ್ತಿರ ಬಂದರು, ಆದರೆ ಹಕ್ಕಿನ ವಿಷಯ ಬಂದಾಗ ಮತ್ತೆ ದೂರವಾದರು. ಸ್ಯಾನ್ ಫ್ರಾನ್ಸಿಸ್ಕೋದ ‘ಡೆಡ್ ಕೆನಡೀಸ್’ ಬ್ಯಾಂಡಿನ ಗಾಯಕ ಜೆಲ್ಲೋ ಬಿಯಾಫ್ರಾ ಮತ್ತು ಉಳಿದ ಮೂವರ ನಡುವಿನ ಮೊಕದ್ದಮೆಯಲ್ಲಿ 2000ದಲ್ಲಿ ತೀರ್ಪು ಬಿಯಾಫ್ರಾ ವಿರುದ್ಧ ಬಂತು. ಮರುವರ್ಷವೇ ಎಂಬತ್ತರ ದಶಕದ ಕಛೇರಿಗಳ ‘ಮ್ಯೂಟಿನಿ ಆನ್ ದ ಬೇ’ ಹೊರಬಂತು. ತನ್ನ ದನಿಯೇ ಇರುವ ಆ ರೆಕಾರ್ಡನ್ನು ಬಿಯಾಫ್ರಾ ತನ್ನದಲ್ಲವೆಂದು ತಳ್ಳಿಹಾಕಿದ. 2004ರಲ್ಲಿ ಬಂದ ‘ಲೈವ್ ಅಟ್ ದ ಡೆಫ್ ಕ್ಲಬ್’ 1979ರ ಮಾರ್ಚ್ 3ರ ಟೇಪು. ಡೆಫ್ ಕ್ಲಬ್ ಎಂದರೆ ಹೆಸರಿಗೆ ತಕ್ಕಂತೆ ಕಿವುಡರ ಸಂಘದ ಕಟ್ಟಡ. ಒಂದೆರಡು ವರ್ಷ ಪಂಕ್ ಬ್ಯಾಂಡ್‌ಗಳಿಗೆ ಅಲ್ಲಿ ವೇದಿಕೆ ಸಿಕ್ಕಿತ್ತು. ಸಂಘದ ಸದಸ್ಯರು ನೆಲ, ಮೇಜುಗಳ ಅದುರಿನಲ್ಲಿ ಸಂಗೀತವನ್ನು ಅನುಭವಿಸುತ್ತಿದ್ದರು.

ಸೊಸೆ: ಹಾಡಿದವನೇ ಬೇಡ ಅಂದ ಮೇಲೆ ಮಾರೋದು ಸರಿನಾ ಮಾಮ?

ಮಾಮ: ಹಾಡಿದವನು ಒಬ್ಬ, ಬ್ಯಾಂಡಿನ ಉಳಿದವರು ಮೂವರು. ಕೋರ್ಟು ತೀರ್ಪು ಕೊಟ್ಟಿದ್ದೂ ಅವರ ಪರವಾಗೇ. ಡೆಫ್ ಕ್ಲಬ್‌ನ ಆ ರಾತ್ರಿ ಟೇಪಿನಲ್ಲಿ ಕೊಳೆತು ಹೋಗಬೇಕಿತ್ತು ಅಂತ ನಾನು ಹೇಳಲಾರೆ.

ಸೊಸೆ: ನಾನು ಆ ರೆಕಾರ್ಡ್ ಕೊಳ್ಳಲ್ಲ. ಬ್ರಸೆಲ್ಸಿನದಾದ್ರೆ ಕೊಳ್ತೀನಿ, ಒಂದು ಷರತ್ತಿನ ಮೇಲೆ: ತಾರೀಕು, ಜಾಗ, ಯಾರ ಕ್ಯಾಸೆಟ್ಟು, ಏನು ತೆಗೆದಿದ್ದಾರೆ ಏನು ಬಿಟ್ಟಿದ್ದಾರೆ, ಎಲ್ಲ ಕವರಿನ ಹಿಂದೆ ಇರಬೇಕು.

ಮಾಮ: 180 ಗ್ರಾಂ ಇದ್ರೆ?

ಸೊಸೆ: ಬೇಡ. 140 ಸಾಕು, ಬೆಲೆ ಇಳಿಸಲಿ.

ಮಾಮ: ನನಗೆ ದಪ್ಪ ರೆಕಾರ್ಡೇ ಇರಲಿ. ಈ ಊರಿನ ಬಿಸಿಲಿಗೆ ತೆಳುವಾದದ್ದು ಬೇಗ ಬಾಗತ್ತೆ, ನನ್ನ ಕಪಾಟಲ್ಲಿ ಅಂಥವು ಬೇಕಾದಷ್ಟಿವೆ.

ಇಂಥ ರೆಕಾರ್ಡ್ ಕೊಳ್ಳುವ ಮನಸ್ಸಿರುವ ಓದುಗರು ದುಡ್ಡು ಕೊಡುವ ಮುಂಚೆ ಕವರಿನ ಹಿಂಬದಿಯನ್ನು ನಿಧಾನವಾಗಿ ಓದಿ. ಯಾವ ರಾತ್ರಿ, ಯಾವ ಸಭಾಂಗಣ, ಯಾರ ಟೇಪು ಎಂಬ ಮಾಹಿತಿ ಇಲ್ಲದಿದ್ದರೆ ಅಂಗಡಿಯವರನ್ನು ಕೇಳಿ, ಕಂಪನಿಗೆ ಬರೆದು ಕೇಳಿ. ಮೊದಲಿಗೆ ಏನು ಕೇಳಲಿ ಎನ್ನುವವರಿಗೆ ಬ್ರಸೆಲ್ಸಿನ ಆ 23 ನಿಮಿಷ ಸಾಕು. ನಡುವೆ ನಿಲ್ಲಿಸದೆ, ವೇಗಾನ ದನಿಗೆ ಕೊಟ್ಟಷ್ಟೇ ಗಮನ ಸಭಿಕರ ಕೂಗಿಗೂ ಕೊಟ್ಟು ಕೇಳಿ.